ಇಡೀ ಸಿನಿಮಾನೋ, ಐದು ನಿಮಿಷದ ತುಣುಕೋ?

ಆಪ್ತಸಮಾಲೋಚನೆಯಲ್ಲಿ ಸಿನಿಮಾ ಬಳಸಲು ದಾರಿ ಎರಡು.

ಮನೆಯಲ್ಲಿ ಪೂರ್ತಿ ನೋಡಿ ಬರಲು ಹೇಳುವುದು ದಂಪತಿಗಳಿಗೆ ಹೊಂದುತ್ತದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ನವದಂಪತಿಗಳು ತಿಂಗಳಲ್ಲಿ 5 ಸಿನಿಮಾ ನೋಡಿ, ಪ್ರಶ್ನಾವಳಿ ಹಿಡಿದು ಮಾತಾಡಿದರು. 3 ವರ್ಷದಲ್ಲಿ ಅವರಲ್ಲಿ ಬೇರೆಯಾದವರು ಶೇ. 11, ಏನೂ ಮಾಡದವರಲ್ಲಿ ಶೇ. 24. ಆದರೆ ಪ್ರಶ್ನೆ ಕೊಡದೆ ಕಳಿಸಿದರೆ ಬಂದವರು ಬರೀ ಕಥೆ ಒಪ್ಪಿಸುತ್ತಾರೆ. ‘ಯಾವ ದೃಶ್ಯದಲ್ಲಿ ಕೈ ರಿಮೋಟಿಗೆ ಹೋಯಿತು?’ ಎಂದು ಕೇಳಿ ನೋಡಿ.

ಆಘಾತ ಅನುಭವಿಸಿದವರಿಗೆ ತುಣುಕೇ ವಾಸಿ. 50 ನಿಮಿಷದ ಭೇಟಿಯಲ್ಲಿ 5 ನಿಮಿಷ ನೋಟ, ಉಳಿದದ್ದು ಮಾತು. ಉಸಿರು ಬಿಗಿಯಾದರೆ ಅಲ್ಲೇ ನಿಲ್ಲಿಸಬಹುದು. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿದ್ದಾರೆ? ತುಣುಕು ಐದೇ ನಿಮಿಷದ್ದಾದರೂ ಸಿನಿಮಾವನ್ನು ನೀವು ಮೊದಲೇ ಪೂರ್ತಿ ನೋಡಿರಬೇಕು. ಭ್ರಮೆ ತೀವ್ರವಾಗಿರುವವರಿಗೆ ಎರಡೂ ಬೇಡ.