ಬಿಚ್ಚಬಹುದಾದ ಬೂಟು, ಬಿಚ್ಚಲಾಗದ ಪ್ಲಾಸ್ಟರ್: ನನ್ನ ಅಂಗಾಲಿನ ಹುಣ್ಣಿಗೆ ಯಾವುದು ಆಗಿಬಂತು

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ಲಾಸ್ಟರ್ ಕಡೆಯವನು. ಆರೂವರೆ ಸಾವಿರ ಕೊಟ್ಟು ಗಾಳಿ ತುಂಬುವ ಬೂಟು ತಂದು, ಅದನ್ನು ನೆಟ್ಟಗೆ ಹಾಕಿಕೊಳ್ಳದೆ ಆರು ವಾರ ಹಾಳು ಮಾಡಿಕೊಂಡವನು. ಆದ್ದರಿಂದ ಎರಡೂ ಕಡೆ ಸಮ ತೂಗುತ್ತೇನೆ ಅಂತ ನಂಬಬೇಡಿ. ನಾನು ಅಂಗಡಿಯವನು ನಿಜ, ಆದರೆ ಈ ತಕ್ಕಡಿ ಒಂದು ಕಡೆ ವಾಲಿದೆ.

ಗಾಯ ಆಗಿದ್ದು ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟದಲ್ಲಿ. ಮಂಡ್ಯದಿಂದ ಬೆಳಗಿನ ರೈಲಿಗೆ ಹೋಗಿ ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ. ಹದಿನಾರು ವರ್ಷದ ಶುಗರ್ ನನ್ನದು. ಅಂಗಾಲು ಜೋಮು ಹಿಡಿದು ಎಷ್ಟೋ ಕಾಲವಾಗಿತ್ತು. ಬಲ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿದ್ದು ಗೊತ್ತಾಗಿದ್ದು ಮೂರನೇ ದಿನ. ನೆಲ ಒರೆಸುತ್ತಿದ್ದ ಹೆಂಡತಿ ರಕ್ತದ ಕಲೆ ನೋಡಿ, "ರೀ, ನಿಮ್ಮ ಕಾಲು ತೋರಿಸಿ" ಅಂದಳು. ನನಗೆ ನೋವೇ ಇರಲಿಲ್ಲ. ಇದ್ದಿದ್ದರೆ ಕುಂಟುತ್ತಿದ್ದೆ, ಕುಂಟಿದ್ದರೆ ಗಾಯ ಅರ್ಧ ವಾಸಿಯಾಗುತ್ತಿತ್ತು.

ಮೈಸೂರಿನ ಡಾಕ್ಟರು ಪಾದದ ನಾಡಿ ನೋಡಿದರು, ಎಕ್ಸ್‌ರೇ ತೆಗೆಸಿದರು. ರಕ್ತ ಚೆನ್ನಾಗಿ ಓಡ್ತಿದೆ, ಕೀವಿಲ್ಲ, ಮೂಳೆಗೆ ಇಳಿದಿಲ್ಲ ಅಂದರು. ಗಾಯದ ಸುತ್ತ ಗಟ್ಟಿಯಾದ ಚರ್ಮವನ್ನು ಕೆತ್ತಿದರು. "ಮುಲಾಮು ಯಾವುದಾದರೂ ಇರಲಿ, ಆ ಜಾಗದ ಮೇಲೆ ಭಾರ ಬೀಳಬಾರದು. ಅಲ್ಲಿಗೆ ಪ್ಲಾಸ್ಟರ್ ಒಳ್ಳೇದು" ಅಂದರು. ನಾನೇ ಬೇಡ ಅಂದೆ. ಅಂಗಡಿ ನೋಡೋರು ಯಾರು, ಸ್ನಾನಕ್ಕೆ ಏನು ಮಾಡೋದು ಅಂತ ನೆಪ ಹೇಳಿದೆ.

ಹಾಗಾಗಿ ಶುರುವಾಗಿದ್ದು ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯಿಂದ. ಮೆತ್ತಗಿನ ರಬ್ಬರು, ಒಂಬೈನೂರು ರೂಪಾಯಿ, ನೋಡೋಕೆ ಮಾಮೂಲಿ ಚಪ್ಪಲಿಯಂತೆ. ಮೂರು ವಾರ ಹಾಕಿದೆ, ಗಾಯ ಇದ್ದಲ್ಲೇ ಇತ್ತು. ತಪ್ಪು ಚಪ್ಪಲಿಯದಲ್ಲ. ಅದು ಗಾಯ ಆಗದಂತೆ ಕಾಯುವ ಚಪ್ಪಲಿ, ಆದ ಗಾಯ ಮುಚ್ಚಿಸುವುದಲ್ಲ.

ಆಮೇಲೆ ಅರ್ಧ ಶೂ. ಹಿಮ್ಮಡಿಯ ಕೆಳಗೆ ಮಾತ್ರ ದಪ್ಪ ಅಟ್ಟೆ, ಬೆರಳುಗಳ ಕಡೆ ಗಾಳಿಯಲ್ಲಿ. ಲೆಕ್ಕದಲ್ಲಿ ಸರಿ. ಆದರೆ ಜೋಮು ಹಿಡಿದ ಕಾಲಿಗೆ ನೆಲ ಎಲ್ಲಿದೆ ಅಂತಲೇ ಗೊತ್ತಾಗಲ್ಲ, ಅದರ ಮೇಲೆ ಈ ಸರ್ಕಸ್ಸು ಬೇರೆ. ಹತ್ತನೇ ದಿನ ಮಂಡ್ಯ ಸ್ಟೇಷನ್ನಿನ ಮೆಟ್ಟಿಲಲ್ಲಿ ಮುಗ್ಗರಿಸಿದೆ. ಯಾರೋ ಪುಣ್ಯಾತ್ಮರು ಹಿಡಿದುಕೊಂಡರು. ಮನೆಗೆ ಬಂದು ತೆಗೆದಿಟ್ಟವನು ಮತ್ತೆ ಹಾಕಲಿಲ್ಲ.

ಈಗ ಬೂಟಿನ ಕಥೆ. ಮಂಡಿಯ ಕೆಳಗಿನವರೆಗೂ ಬರುತ್ತೆ. ಒಳಗೆ ಗಾಳಿ ಚೀಲ, ಹೊರಗೆ ಗಟ್ಟಿ ಪ್ಲಾಸ್ಟಿಕ್, ಐದು ವೆಲ್ಕ್ರೋ ಪಟ್ಟಿ. ಅಟ್ಟೆ ದೋಣಿಯ ತಳದ ಹಾಗೆ ಬಾಗಿರುತ್ತೆ. ಕಣಕಾಲು ಅಲ್ಲಾಡಲ್ಲ, ಆದ್ದರಿಂದ ಹೆಜ್ಜೆ ಎತ್ತುವಾಗ ಹೆಬ್ಬೆರಳ ಬುಡ ಒತ್ತಿಕೊಳ್ಳುವುದಿಲ್ಲ. ಸ್ವಲ್ಪ ಭಾರವನ್ನು ಮೀನಖಂಡವೂ ಹೊರುತ್ತೆ. ವಸ್ತು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಒಂದೇ. ಅದನ್ನು ಬಿಚ್ಚಬಹುದು.

ನನ್ನ ದಿನ ಹೇಗಿರುತ್ತೆ ಕೇಳಿ. ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲಿಗೆ ಹೋಗಬೇಕು. ನಾಲ್ಕು ಹೆಜ್ಜೆಗೆ ಐದು ಪಟ್ಟಿ ಯಾರು ಕಟ್ಟುತ್ತಾರೆ? ಬರಿಗಾಲಲ್ಲೇ. ಸ್ನಾನ ಮುಗಿಸಿ ದೇವರ ಮನೆ. ಅಲ್ಲಿಗೆ ಬೂಟು ಹಾಕಿಕೊಂಡು ಹೋಗ್ತೀನಾ? ಆಮೇಲೆ ಅಡುಗೆ ಮನೆ ಬಾಗಿಲಲ್ಲಿ ಕಾಫಿ. ಅಂಗಡಿಗೆ ಹೋಗುವಾಗ ಮಾತ್ರ ಶಿಸ್ತಾಗಿ ಬೂಟು. ಅಂಗಡಿಗೆ ಹೋದ ಮೇಲೆ? ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಫೋಟೋ ಇದೆ. ನಮ್ಮಪ್ಪನ ಕಾಲದಿಂದ ಆ ಹೊಸ್ತಿಲ ಒಳಗೆ ಯಾರೂ ಮೆಟ್ಟು ಹಾಕಿಲ್ಲ. ಬೂಟು ಹೊರಗೆ ಬಿಟ್ಟೆ. ಎಂಟು ಗಂಟೆ ಕಾಲ ಬರಿಗಾಲಲ್ಲಿ ಬೇಳೆ, ಬೆಲ್ಲ ತೂಗಿದೆ. ಸಂಜೆ ಮತ್ತೆ ಬೂಟು ಹಾಕಿಕೊಂಡು ಮನೆಗೆ.

ರಸ್ತೆಯಲ್ಲಿ ನೋಡಿದವರು, "ಪರವಾಗಿಲ್ಲ, ಕಾಲು ಚೆನ್ನಾಗಿ ನೋಡ್ಕೊತಿದೀರಾ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಡಾಕ್ಟರು ಕೇಳಿದಾಗ "ಯಾವಾಗಲೂ ಹಾಕ್ತೀನಿ" ಅಂದೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬಿಚ್ಚಿದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಗೌರಿ ಹಬ್ಬ, ಗಣೇಶನ ಹಬ್ಬ ಎರಡೂ ದಿನ ಬೂಟು ಜಗಲಿಯಲ್ಲೇ ಇತ್ತು, ಅಕ್ಕಿ ಮೂಟೆಯ ಪಕ್ಕ.

ಆರು ವಾರ ಕಳೆದರೂ ಗಾಯ ಕಾಲುಭಾಗ ಕೂಡ ಕಡಿಮೆ ಆಗಲಿಲ್ಲ. ಡಾಕ್ಟರು ಬೂಟನ್ನು ತಿರುಗಿಸಿ ಅಟ್ಟೆ ನೋಡಿದರು. "ಇಷ್ಟು ಹೊಸದಾಗಿದೆಯಲ್ಲಾ ಯಜಮಾನರೇ" ಅಂದರು. ಅಷ್ಟೇ. ತಲೆ ಎತ್ತೋಕೆ ಆಗಲಿಲ್ಲ.

ಮಗ ಆ ದಿನ ರಾತ್ರಿ ಫೋನಿನಲ್ಲಿ ಹುಡುಕಿ ಎರಡು ಸಂಶೋಧನೆ ಓದಿ ಹೇಳಿದ. ಎರಡೂ ಅಮೆರಿಕದವು, ಡೇವಿಡ್ ಆರ್ಮ್‌ಸ್ಟ್ರಾಂಗ್ ಅನ್ನೋ ಪಾದದ ಡಾಕ್ಟರು ಮತ್ತು ಜೊತೆಯವರು ಮಾಡಿದ್ದು. 2001ರದ್ದರಲ್ಲಿ ಪ್ಲಾಸ್ಟರ್, ಬೂಟು, ಅರ್ಧ ಶೂ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. 12 ವಾರದಲ್ಲಿ ಗಾಯ ಮುಚ್ಚಿದ್ದು ಪ್ಲಾಸ್ಟರಿನವರಲ್ಲಿ ನೂರಕ್ಕೆ ಸುಮಾರು 90, ಬೂಟಿನವರಲ್ಲಿ 65, ಅರ್ಧ ಶೂನವರಲ್ಲಿ 58. ಎರಡು ವರ್ಷ ಬಿಟ್ಟು, ಹೆಜ್ಜೆ ಎಣಿಸುವ ಯಂತ್ರವನ್ನು ಸೊಂಟಕ್ಕೆ ಒಂದು, ಬೂಟಿನಲ್ಲಿ ಒಂದು ಇಟ್ಟು ತಾಳೆ ನೋಡಿದರು. ಜನ ದಿನದ ಓಡಾಟದಲ್ಲಿ ಬೂಟು ಹಾಕಿದ್ದು ನೂರಕ್ಕೆ ಬರೀ 28 ಭಾಗ. ನನಗೆ ನಗು ಬಂತು. ಮನೆಯೊಳಗೂ ಶೂ ಹಾಕಿಕೊಂಡು ಓಡಾಡುವ ಜನರದ್ದೇ ಈ ಕಥೆ. ಇನ್ನು ಲಕ್ಷ್ಮಿ ಫೋಟೋ ಇಟ್ಟುಕೊಂಡ ನನ್ನ ಲೆಕ್ಕ ಯಾರಿಗೆ ಬೇಕು!

ಮಾರನೇ ವಾರ ಹೋಗಿ ಪ್ಲಾಸ್ಟರ್ ಹಾಕಿಸಿದೆ. ನಮ್ಮ ಕಡೆ ಸಿಮೆಂಟ್ ಪಟ್ಟಿ ಅಂತಾರಲ್ಲ, ಅದರದ್ದೇ ಜಾತಿ, ಆದರೆ ಮೂಳೆ ಮುರಿದಾಗ ಹಾಕುವುದಕ್ಕಿಂತ ಕೆಲಸ ನಾಜೂಕು. ಅಂಗಾಲಿಗೆ, ಕಾಲಿಗೆ ಎಲ್ಲೂ ಸಂದಿಲ್ಲದ ಹಾಗೆ ಅಚ್ಚು ಕೂರಬೇಕು. ಆಗ ಭಾರ ಒಂದೇ ಕಡೆ ಬೀಳದೆ ಇಡೀ ಪಾದಕ್ಕೆ, ಪ್ಲಾಸ್ಟರಿನ ಗೋಡೆಗೆ ಹಂಚಿಹೋಗುತ್ತೆ. ಇದರ ಹಿಂದೆ ನಮ್ಮ ಪಕ್ಕದ ವೆಲ್ಲೂರಿನ ನಂಟಿದೆ. ಪಾಲ್ ಬ್ರ್ಯಾಂಡ್ ಅನ್ನೋ ಡಾಕ್ಟರು ಅಲ್ಲಿ ಕುಷ್ಠರೋಗಿಗಳ ಜೋಮು ಹಿಡಿದ ಕಾಲಿಗೆ ಹೀಗೆ ಪ್ಲಾಸ್ಟರ್ ಹಾಕಿ ಹುಣ್ಣು ವಾಸಿ ಮಾಡುತ್ತಿದ್ದರು. 1966ರಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅಲ್ಲಿನವರಿಗೂ ಕಲಿಸಿದರು.

ಕಷ್ಟ ಇಲ್ಲ ಅಂತಲ್ಲ. ಪ್ಲಾಸ್ಟಿಕ್ ಕವರ್ ಕಟ್ಟಿ, ಕಾಲನ್ನು ಸ್ಟೂಲಿನ ಮೇಲಿಟ್ಟು ಸ್ನಾನ. ನಮ್ಮದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಕಣಕಾಲು ಮಡಚದೆ ಕೂರೋಕೆ ಆಗಲ್ಲ, ಮಗ ಕಮೋಡ್ ಕುರ್ಚಿ ತಂದ. ಒಂದು ಕಾಲು ಎತ್ತರವಾಗಿ ಸೊಂಟ ಹಿಡಿದುಕೊಂಡಿತು. ಚಮ್ಮಾರರ ಹತ್ತಿರ ಎಡ ಚಪ್ಪಲಿಗೆ ಇನ್ನೊಂದು ಅಟ್ಟೆ ಹೊಡೆಸಿದ ಮೇಲೆ ಸರಿಹೋಯಿತು. ಮೀನಖಂಡ ಕೆರೆಯುತ್ತಿತ್ತು, ಒಳಗೆ ಅಡಿಕೋಲು ತೂರಿಸೋ ಆಸೆ ಬರುತ್ತಿತ್ತು. ತೂರಿಸಲಿಲ್ಲ. ಗೀರಿದರೆ ಅಲ್ಲೊಂದು ಹೊಸ ಗಾಯ, ಅದೂ ಕಾಣದ ಜಾಗದಲ್ಲಿ.

ಖರ್ಚು? ಒಂದು ಸಲಕ್ಕೆ ಸಾವಿರದ ಎಂಟುನೂರು. ಮೊದಲನೆಯದನ್ನು ಮೂರನೇ ದಿನಕ್ಕೇ ಬದಲಿಸಿದರು, ಊತ ಇಳಿದು ಸಡಿಲ ಆಗಿತ್ತು. ಆಮೇಲೆ ವಾರಕ್ಕೊಂದು. ಕೂಡಿಸಿದರೆ ಬೂಟಿಗಿಂತ ಜಾಸ್ತಿಯೇ. ಆದರೆ ಬೂಟು ಹಾಕಿಕೊಂಡು ಗಾಯ ವಾಸಿ ಆಗದೆ ಇದ್ದ ಆರು ವಾರದ ಡ್ರೆಸ್ಸಿಂಗು, ರೈಲು, ಆಟೋ, ಮುಚ್ಚಿದ ಅಂಗಡಿ, ಇದನ್ನು ಯಾವ ಖಾತೆಗೆ ಬರೆಯಲಿ?

ದಸರಾ ವಾರದಲ್ಲಿ ಪ್ಲಾಸ್ಟರ್ ಹಾಕುವವರು ರಜೆ. ಡಾಕ್ಟರು ನನ್ನ ಹಳೇ ಬೂಟು ತರಿಸಿ, ಕಾಲಿಗೆ ಹಾಕಿ, ಪಟ್ಟಿಗಳ ಮೇಲೆ ಫೈಬರ್ ಪ್ಲಾಸ್ಟರಿನ ರೋಲ್ ಸುತ್ತಿಬಿಟ್ಟರು. ಬಿಚ್ಚೋ ಹಾಗಿಲ್ಲ. ನೋಡಿ, ಅದೇ ಬೂಟು, ಅದೇ ಕಾಲು, ಆ ವಾರವೂ ಗಾಯ ಕುಗ್ಗಿತು. ಪ್ಲಾಸ್ಟರಿನಷ್ಟೇ ಕೆಲಸ ಮಾಡುತ್ತಂತೆ ಇದು, ಸುತ್ತೋಕೆ ವಿಶೇಷ ಕೈಚಳಕವೂ ಬೇಡ. ಮನೆಯಲ್ಲಿ ಬೂಟು ಇದ್ದವರು ಡಾಕ್ಟರ ಹತ್ತಿರ ಇದನ್ನು ಕೇಳಬಹುದು. ದೇವರ ಮನೆ ಹೊಸ್ತಿಲಲ್ಲೇ ನಿಂತು ಕೈ ಮುಗಿದೆ. ಗಲ್ಲಾಪೆಟ್ಟಿಗೆಯಲ್ಲಿ ಮಗನನ್ನು ಕೂರಿಸಿ, ಅಂಗಡಿ ಹೊರಗೆ ಕುರ್ಚಿ ಹಾಕಿಕೊಂಡೆ.

ಏಳನೇ ವಾರಕ್ಕೆ ಗಾಯ ಮುಚ್ಚಿತು.

ಶಸ್ತ್ರಚಿಕಿತ್ಸೆಯ ಕೈಗವಸುಗಳನ್ನು ಸುತ್ತಿ ಅಂಗಾಲಿಗೆ ಅಂಟಿಸುವ 'ಮಂದಾಕಿನಿ' ಅನ್ನೋ ಅಗ್ಗದ ವಿಧಾನವೂ ಇದೆ. ನಾನು ಕಟ್ಟಿಸಿಕೊಂಡಿಲ್ಲ, ಆದ್ದರಿಂದ ಮಾತಾಡಲ್ಲ. ಇನ್ನೊಂದು ಮಾತು ಮಾತ್ರ ಮರೆಯಬೇಡಿ. ಗಾಯದಲ್ಲಿ ಕೀವಿದ್ದರೆ, ಕಾಲಿಗೆ ರಕ್ತ ಸರಿಯಾಗಿ ಬರದಿದ್ದರೆ ಪ್ಲಾಸ್ಟರ್ ಅಪಾಯ, ಒಳಗೆ ಏನಾಗ್ತಿದೆ ಅಂತ ಕಾಣಲ್ಲ. ಮೊದಲು ಅದನ್ನು ನೋಡಿಸಿ. ಹಾಕಿದ ಮೇಲೆ ಜ್ವರ ಬಂದರೆ, ವಾಸನೆ ಬಂದರೆ, ಶುಗರ್ ಇದ್ದಕ್ಕಿದ್ದ ಹಾಗೆ ಏರಿದರೆ ವಾರ ಮುಗಿಯಲಿ ಅಂತ ಕಾಯಬೇಡಿ, ಅವತ್ತೇ ಹೋಗಿ.

ಈಗ ಎರಡು ಜೊತೆ ಎಂಸಿಆರ್ ಚಪ್ಪಲಿ ಇವೆ, ಒಂದು ಹೊರಗಿಗೆ, ಒಂದು ಮನೆಯೊಳಗೆ. ಒಳಗಿನದನ್ನು ಹೆಂಡತಿ ವಾರಕ್ಕೊಮ್ಮೆ ಸೋಪಿನಲ್ಲಿ ತೊಳೆಯುತ್ತಾಳೆ. ಅಂಗಡಿಗೂ ಅಂಥದ್ದೇ ಒಂದು ಜೊತೆ ತರಬೇಕು. ಲಕ್ಷ್ಮಿ ಫೋಟೋವನ್ನು ಮಗನೇ ಎರಡಡಿ ಮೇಲಕ್ಕೆ ಹೊಡೆದಿದ್ದಾನೆ.

ಮೊನ್ನೆ ಎದುರಿಗಿನ ಎಳನೀರು ಅಂಗಡಿ ಹುಡುಗ ಬಂದು ಕೇಳಿದ. "ಅಣ್ಣ, ಆ ಬೂಟು ಅಟ್ಟದ ಮೇಲೆ ಸುಮ್ನೆ ಬಿದ್ದಿದ್ಯಲ್ಲ, ನಮ್ಮಪ್ಪಂಗೂ ಅಂಗಾಲಲ್ಲಿ ಹುಣ್ಣು, ಕೊಡ್ತೀಯಾ?" ಧಾರಾಳವಾಗಿ ತಗೊಂಡು ಹೋಗು ಅಂದೆ. ಮೊದಲು ಡಾಕ್ಟರಿಗೆ ತೋರಿಸು, ಅವರು ಹೂಂ ಅಂದರೆ ಅದರ ಮೇಲೆ ಸುತ್ತೋಕೆ ಒಂದು ರೋಲೂ ತಗೋ, ಅಂದೆ.