ಒಂದು ಕಂಬ ಡಾಲರಿನದು, ಇನ್ನೊಂದು ರೂಪಾಯಿಯದು: ಬೆಳಗಾವಿಯವರೇ, ಈ ಹಾಳೆ ನಂಬಬೇಡಿ

"ನಿಫ್ಟಿ ಬಿಡ್ರೀ ಸರ್, ಅಮೆರಿಕದ ಇಂಡೆಕ್ಸ್ ಫಂಡಿಗೆ ಬನ್ರಿ" ಅಂತ ಯಾರಾದರೂ ಬಣ್ಣದ ಹಾಳೆ ತೋರಿಸಿದರೆ, ಸಹಿ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. (ನಿಫ್ಟಿ ಅಂದರೆ ನಮ್ಮ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ. ಅಂಥ ಸೂಚ್ಯಂಕದಲ್ಲಿರುವ ಷೇರುಗಳಲ್ಲೇ ದುಡ್ಡು ಹಾಕುವುದು ಇಂಡೆಕ್ಸ್ ಫಂಡ್.) ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಟಿಳಕವಾಡಿ ಕಡೆಯ ಒಬ್ಬ ಏಜೆಂಟ್. ಹೆಸರು ಬರೆಯುವುದಿಲ್ಲ. ಅವನ ಹಾಳೆಯಲ್ಲಿ ಎರಡೇ ಕಂಬ. 2020ರ ಕೊನೆಯಿಂದ 2023ರ ಕೊನೆಯವರೆಗೆ ಅಮೆರಿಕದ 500 ದೊಡ್ಡ ಕಂಪನಿಗಳ ಸೂಚ್ಯಂಕ ಎಸ್ ಆ್ಯಂಡ್ ಪಿ 500 ಏರಿದ್ದು ಸುಮಾರು 45 ಪರ್ಸೆಂಟ್, ನಮ್ಮ ನಿಫ್ಟಿ 50 ಸುಮಾರು 36 ಪರ್ಸೆಂಟ್. "ನೋಡ್ರಿ, ಮೂರೇ ವರ್ಷದಾಗ ಎಷ್ಟು ಫರಕ್ ಐತಿ!" ಅಂದ. ಮಗಳ ಓದಿಗೆ ಅಂತ ನಾನು 2020ರ ಡಿಸೆಂಬರ್ ಕೊನೆಗೆ ನಿಫ್ಟಿ ಫಂಡಿನಲ್ಲಿ ಇಟ್ಟಿದ್ದ ದುಡ್ಡನ್ನು 2024ರ ಜನವರಿಯಲ್ಲಿ ತೆಗೆಸಿ, ತನ್ನ ಮೂಲಕ ವಿದೇಶಿ ಫಂಡಿಗೆ ಹಾಕಿಸಿದ. ಅದೂ ರೆಗ್ಯುಲರ್ ಪ್ಲಾನ್. ಅವನಿಗೆ ವರ್ಷ ವರ್ಷ ಕಮಿಷನ್.

ಮೋಸ ಗೊತ್ತಾಗಿದ್ದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡುವಾಗ. ಕ್ಯಾಂಪ್‌ನಲ್ಲಿರುವ ನಮ್ಮ ಸಿಎ ಹಳೇ ಫಂಡಿನ ಲೆಕ್ಕ ತೆಗೆದು, "ಹಾಕಿದ್ದರ ಅರ್ಧಕ್ಕಿಂತ ಜಾಸ್ತಿ ಲಾಭ ಬಂದದ, ಟ್ಯಾಕ್ಸ್ ಕಟ್ಟಬೇಕು" ಅಂದರು. ಅರ್ಧಕ್ಕಿಂತ ಜಾಸ್ತಿ? ಹಾಳೆಯಲ್ಲಿ 36 ಇತ್ತಲ್ಲ? ಬ್ಯಾಗಿನಿಂದ ಹಾಳೆ ತೆಗೆದು ಕೊಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಕೆಳಗಿನ ಇರುವೆ ಸಾಲಿನಂಥ ಅಕ್ಷರ ಓದಿದರು. ನಿಫ್ಟಿಯ ಅಂಕಿ ಡಾಲರ್ ಲೆಕ್ಕದಲ್ಲಿ. ಅಮೆರಿಕದ ಅಂಕಿ ರೂಪಾಯಿ ಲೆಕ್ಕದಲ್ಲಿ. ಮತ್ತೆ ಮತ್ತೆ ನೋಡಿದೆ. ಹೌದು, ಒಂದು ಡಾಲರ್, ಒಂದು ರೂಪಾಯಿ. ಪಕ್ಕದಲ್ಲಿ ಬೇರೆಯವರು ಕೂತಿದ್ದರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಲೆಕ್ಕ ಇಷ್ಟೇ. ಆ ಮೂರು ವರ್ಷದಲ್ಲಿ ಡಾಲರ್ ಸುಮಾರು 73 ರೂಪಾಯಿಯಿಂದ 83ಕ್ಕೆ ಹೋಯಿತು. ನಿಫ್ಟಿ 13,982ರಿಂದ 21,731ಕ್ಕೆ, ಅಂದರೆ ಸುಮಾರು 55 ಪರ್ಸೆಂಟ್. ಅದನ್ನೇ ಡಾಲರಿಗೆ ತಿರುಗಿಸಿದರೆ 36ಕ್ಕೆ ಇಳಿಯುತ್ತದೆ. ಎಸ್ ಆ್ಯಂಡ್ ಪಿ ಡಾಲರಿನಲ್ಲಿ ಏರಿದ್ದು ಸುಮಾರು 27. ರೂಪಾಯಿ ಬಿದ್ದಿದ್ದು ಸೇರಿಸಿದರೆ ಅದು 45 ಆಗುತ್ತದೆ. ಎರಡನ್ನೂ ರೂಪಾಯಿಯಲ್ಲಿ ನೋಡಿ: ನಿಫ್ಟಿ 55, ಅಮೆರಿಕ 45. ಎರಡನ್ನೂ ಡಾಲರಿನಲ್ಲಿ ನೋಡಿ: 36, 27. ಯಾವ ಕಡೆಯಿಂದ ನೋಡಿದರೂ ನಿಫ್ಟಿನೇ ಮುಂದೆ! ಕರೆನ್ಸಿ ಬೆರೆಸಿದಾಗ ಮಾತ್ರ ಅಮೆರಿಕ ಗೆಲ್ಲುತ್ತದೆ. ಬೇರೆ ವರ್ಷಗಳಲ್ಲಿ ಅಮೆರಿಕವೇ ಮುಂದೆ ಇರಬಹುದು, ಆ ಫಂಡ್ ಮೇಲೆ ನನಗೆ ಜಗಳವಿಲ್ಲ. ಜಗಳ ಈ ಹಾಳೆಯ ಮೇಲೆ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಅಲ್ರೀ ಸರ್, ಪರ್ಸೆಂಟ್ ಅಂದ್ರ ಪರ್ಸೆಂಟ್. ಕರೆನ್ಸಿ ಯಾವುದಾದ್ರೇನು?" ನಾನು ಬಿಡಲಿಲ್ಲ. ಆಗ, "ಎರಡೂ ಅಂಕಿ ಖರೇನ ಅದಾವಲ್ರೀ, ಸುಳ್ಳು ಎಲ್ಲೈತಿ ತೋರಿಸ್ರಿ" ಅಂದ. ಎರಡೂ ಖರೆ ಅಂತೆ! ಈ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. "ಡಾಲರ್ ಬ್ಯಾಡಂದ್ರ ಜಪಾನ್ ಫಂಡ್ ಐತಿ ಸರ್, ನಿಕ್ಕೈ ಅದೇ ಮೂರು ವರ್ಷದಾಗ 22 ಪರ್ಸೆಂಟ್" ಅಂತ ವಾಟ್ಸಾಪ್ ಮಾಡಿದ. ನಿಕ್ಕೈ ಅಂದರೆ ಜಪಾನಿನ ಷೇರು ಸೂಚ್ಯಂಕ, ಆ 22 ಅಲ್ಲಿನ ಯೆನ್ ಲೆಕ್ಕದ್ದು. ಅದೇ ಅವಧಿಯಲ್ಲಿ ಒಂದು ಯೆನ್ ಸುಮಾರು 71 ಪೈಸೆಯಿಂದ 59 ಪೈಸೆಗೆ ಬಿದ್ದಿತ್ತು. ನಮ್ಮ ಕೈಗೆ, ಡಿವಿಡೆಂಡ್ (ಕಂಪನಿಗಳು ಹಂಚುವ ಲಾಭ) ಬಿಟ್ಟರೆ, ಬರುತ್ತಿದ್ದದ್ದು ಒಂದೆರಡು ಪರ್ಸೆಂಟ್ ಅಷ್ಟೇ. ಮೂರು ವರ್ಷಕ್ಕೆ!

ಮಗಳ ಫೀ ಕಟ್ಟುವುದು ಧಾರವಾಡದಲ್ಲಿ, ರೂಪಾಯಿಯಲ್ಲಿ. ಹಾಗಾಗಿ ನನಗೆ ಬೇಕಾದ್ದು ರೂಪಾಯಿ ಲೆಕ್ಕ. ನಿಮಗೂ ಹಾಗೇ ಅಲ್ವಾ? ಪ್ರತಿ ಕಂಬದ ಮೇಲೂ ಕರೆನ್ಸಿ ಯಾವುದು ಅಂತ ಅವರ ಕೈಯಿಂದಲೇ ಬರೆಸಿಕೊಳ್ಳಿ. ಡಿವಿಡೆಂಡ್ ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಬಿಟ್ಟಿದ್ದಾರಾ, ಅದನ್ನೂ ಕೇಳಿ. ನಮ್ಮ ಷೇರು ಫಂಡಿನ ತೆರಿಗೆ ನಿಯಮ ವಿದೇಶಿ ಫಂಡಿಗೆ ಅನ್ವಯಿಸಲ್ಲ, ಅದನ್ನೂ ಅವನು ಬಾಯಿ ಬಿಡಲಿಲ್ಲ.

ಈಗ "ಆ ಹಾಳೆ ವಾಪಸ್ ಕೊಡ್ರಿ ಸರ್, ಹೊಸದು ಕೊಡ್ತೀನಿ" ಅಂತಿದ್ದಾನೆ. ಕೊಡುವುದಿಲ್ಲ. ಷೇರು, ಫಂಡುಗಳ ಮೇಲೆ ನಿಗಾ ಇಡುವ ಸೆಬಿಗೆ ದೂರು ಬರೆಯುತ್ತಿದ್ದೇನೆ, ಅದರ ಜೊತೆ ಅದೂ ಹೋಗುತ್ತದೆ. 45 ಮತ್ತು 36 ಇರುವ ಹಾಳೆ ನಿಮಗೂ ಸಿಕ್ಕಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ.