ಉಬ್ಬರದ ವೇಳೆಗೆ ಹೊಂದಿಸಿದ ಹಕ್ಕಿ ವೀಕ್ಷಣೆ: ಒಂದು ಚಳಿಗಾಲದ ಸಂಚಾರದ ವಿಮರ್ಶೆ

ಕಳೆದ ಚಳಿಗಾಲದಲ್ಲಿ, ಹಕ್ಕಿ ವೀಕ್ಷಣೆಯ ಸಂಚಾರಗಳನ್ನು ಏರ್ಪಡಿಸುವ ತಂಡವೊಂದಕ್ಕೆ ಶುಲ್ಕ ಕಟ್ಟಿ, ಅಳಿವೆಯೊಂದರ ಜೌಗು ಬಯಲಿಗೆ ಹೋಗಿ ಬಂದೆ. ಇಂತಹ ಸಂಚಾರಗಳ ಯೋಗ್ಯತೆಯನ್ನು ಎಷ್ಟು ಜಾತಿಯ ಹಕ್ಕಿಗಳು ಕಂಡವು ಎಂಬ ಲೆಕ್ಕದಿಂದ ಅಳೆಯುವುದು ವಾಡಿಕೆ. ಕರಾವಳಿಯ ಜೌಗಿಗೆ ಆ ಅಳತೆ ಸಾಲದು. ಏರ್ಪಾಡು ಮಾಡಿದವರು ಸಮುದ್ರದ ಏರಿಳಿತದ ಪಟ್ಟಿಯನ್ನು ನೋಡಿ ದಿನ ಗೊತ್ತುಮಾಡಿದ್ದರೇ ಎಂದು ಮೊದಲು ಕೇಳಬೇಕು. ಈ ತಂಡ ನೋಡಿತ್ತು. ನನ್ನ ಮೆಚ್ಚುಗೆಯ ಬಹುಪಾಲು ಅದಕ್ಕೇ ಸಲ್ಲುತ್ತದೆ.

ಬೆಳಿಗ್ಗೆ ಹತ್ತು ಗಂಟೆಗೆ ಸೇರಬೇಕೆಂದು ತಿಳಿಸಿದಾಗ ನನಗೆ ಅಸಮಾಧಾನವೇ ಆಗಿತ್ತು. ಹಕ್ಕಿ ನೋಡುವವರು ಸೂರ್ಯೋದಯಕ್ಕೆ ಮೊದಲೇ ಹೊರಡುವುದು ರೂಢಿ. ಆದರೆ ಕೆಸರು ಬಯಲಿನ ಹಕ್ಕಿಗಳ ದಿನಚರಿ ಸೂರ್ಯನಿಗಿಂತ ಹೆಚ್ಚಾಗಿ ಚಂದ್ರನಿಗೆ ಕಟ್ಟುಬಿದ್ದದ್ದು. ಬಹುತೇಕ ತೀರಗಳಲ್ಲಿ ಒಂದು ಉಬ್ಬರಕ್ಕೂ ಮತ್ತೊಂದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಅದೇ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನೀರು ಪೂರ್ತಿ ಇಳಿದಿದ್ದಾಗ ಹೋದರೆ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕೆಗಳಾಗಿ ಚದುರಿರುತ್ತವೆ. ಪೂರ್ತಿ ಏರಿದ ಮೇಲೆ ಹೋದರೆ ಎಲ್ಲೋ ಒಂದು ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ನಿದ್ರಿಸುತ್ತಿರುತ್ತವೆ. ಇವೆರಡರ ನಡುವೆ, ಏರುತ್ತಿರುವ ನೀರು ಅವುಗಳನ್ನು ಮೇಯುತ್ತಿರುವಂತೆಯೇ ದಡದ ಕಡೆಗೆ ತಳ್ಳಿಕೊಂಡು ಬರುವ ಎರಡು ಗಂಟೆಗಳಿವೆಯಲ್ಲ, ನಮ್ಮನ್ನು ಅಲ್ಲಿ ನಿಲ್ಲಿಸಿದ್ದು ಸರಿಯಾಗಿ ಆಗ. ಅಮಾವಾಸ್ಯೆ ಕಳೆದ ಎರಡನೆಯ ದಿನವಾದ್ದರಿಂದ ಉಬ್ಬರವೂ ದೊಡ್ಡದಿತ್ತು. ಬಯಲಿನ ಬಹುಭಾಗ ಮುಳುಗಿ, ಹಕ್ಕಿಗಳಿಗೆ ನಮ್ಮತ್ತ ಸರಿಯದೆ ಬೇರೆ ದಾರಿ ಉಳಿಯಲಿಲ್ಲ.

ಮಾರ್ಗದರ್ಶಕರು ಕಲಿಸಿದ ಕ್ರಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚಳಿಗಾಲದಲ್ಲಿ ದಡದ ಹಕ್ಕಿಗಳು ಸಂತಾನಕಾಲದ ಬಣ್ಣಗಳನ್ನು ಕಳೆದುಕೊಂಡು ಬೂದು ಬಿಳುಪಿನ ಒಂದೇ ಉಡುಪಿನಲ್ಲಿರುತ್ತವೆ. ಹೊಸಬರು ಚಿತ್ರಪುಸ್ತಕ ತೆರೆದು ಕಂಗಾಲಾಗುವುದು ಇಲ್ಲಿಯೇ, ನಾನೂ ಆಗಿದ್ದೇನೆ. ಅವರು ಪುಸ್ತಕವನ್ನು ಚೀಲದಲ್ಲಿ ಇಡಿಸಿ, "ಬಣ್ಣ ಬಿಡಿ, ಅದು ಹೇಗೆ ಊಟ ಮಾಡುತ್ತದೆ ನೋಡಿ" ಎಂದರು. ಗ್ರೇ ಪ್ಲವರ್ ನಾಲ್ಕು ಹೆಜ್ಜೆ ಓಡಿ, ತಟಕ್ಕನೆ ನಿಂತು, ದೊಡ್ಡ ಕಣ್ಣಿನಿಂದ ಕೆಸರನ್ನು ದಿಟ್ಟಿಸಿ, ಒಮ್ಮೆ ಕುಕ್ಕುತ್ತದೆ. ಡನ್ಲಿನ್‌ಗಳ ಗುಂಪು ತಲೆಯನ್ನೇ ಎತ್ತದೆ, ಸಸಿ ನೆಡುವವರ ಕೈಯಂತೆ ಬಿಡುವಿಲ್ಲದೆ ಕೊಕ್ಕು ಊರುತ್ತಾ ಸಾಗುತ್ತದೆ. ಸ್ಯಾಂಡರ್ಲಿಂಗ್ ಅಲೆಯ ಹಿಂದೆ ಓಡಿ, ಅಲೆ ತಿರುಗಿದೊಡನೆ ತಾನೂ ತಿರುಗಿ ಓಡಿಬರುತ್ತದೆ. ಅದರ ಕಾಲಿಗೆ ಹಿಂಬೆರಳೇ ಇಲ್ಲವೆಂಬುದನ್ನು ದೂರದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಂಡೆವು. ಅರ್ಧ ಗಂಟೆಯೊಳಗೆ, ಅದುವರೆಗೆ ಬೈನಾಕ್ಯುಲರ್ ಹಿಡಿದೇ ಇರದಿದ್ದ ಮಹಿಳೆಯೊಬ್ಬರು ಮೂರು ಜಾತಿಗಳನ್ನು ತಾವಾಗಿಯೇ ಬೇರ್ಪಡಿಸುತ್ತಿದ್ದರು.

ಬಾರ್-ಟೇಲ್ಡ್ ಗಾಡ್ವಿಟ್‌ಗಳು ಹತ್ತಿರ ಬಂದಾಗ ವಿವರಣೆ ಇನ್ನಷ್ಟು ಸೊಗಸಾಯಿತು. ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದವಾದ್ದರಿಂದ ಅದು ಹೆಚ್ಚು ಆಳಕ್ಕೆ ಚುಚ್ಚಬಲ್ಲದು. ಕೆಸರಿನೊಳಗೆ ಹುಳು ಸಿಕ್ಕಾಗ ಇಡೀ ಕೊಕ್ಕನ್ನು ತೆರೆಯದೆ ತುದಿಯನ್ನಷ್ಟೇ ಅಗಲಿಸಿ ಹಿಡಿಯುತ್ತದೆ. ಇದೇ ಜಾತಿಯ, ಸುಮಾರು ಐದು ತಿಂಗಳ ಮರಿಯೊಂದು 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾದವರೆಗೆ ಸುಮಾರು 13,560 ಕಿಲೋಮೀಟರ್‌ಗಳನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿದ್ದು ಉಪಗ್ರಹ ಸಾಧನದಿಂದ ದಾಖಲಾಗಿದೆ. ಈ ಸಂಗತಿಯನ್ನು ಅವರು ಗಾಡ್ವಿಟ್ ಒಂದು ನಮ್ಮೆದುರಿಗೇ ಹುಳುವನ್ನು ಎಳೆದು ನುಂಗುತ್ತಿದ್ದಾಗ ಹೇಳಿದರು. ಅಂತಹ ಪ್ರಯಾಣದ ಇಂಧನ ಎಲ್ಲಿಂದ ಬರುತ್ತದೆಂದು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಇನ್ನು ಕೊರತೆಗಳು. ಇಪ್ಪತ್ತಾರು ಮಂದಿಗೆ ಇದ್ದದ್ದು ಇಬ್ಬರು ಮಾರ್ಗದರ್ಶಕರು ಮತ್ತು ಎರಡೇ ದೂರದರ್ಶಕಗಳು. ಸಾಲಿನಲ್ಲಿ ಕಾದು ನನ್ನ ಸರದಿ ಬರುವಷ್ಟರಲ್ಲಿ ಮಸೂರದೊಳಗೆ ಬರಿಯ ಕೆಸರು ಉಳಿದಿದ್ದ ಸಂದರ್ಭಗಳು ಒಂದೆರಡಲ್ಲ. ನಾಲ್ಕು ಗಂಟೆಗಳ ಕಾಲ ಶೌಚಾಲಯದ ಅನುಕೂಲವಿರುವುದಿಲ್ಲವೆಂದು ಮೊದಲೇ ತಿಳಿಸಿರಲಿಲ್ಲ. ವಯಸ್ಸಾದವರಿಗೆ ಇದು ಸಣ್ಣ ವಿಷಯವಲ್ಲ.

ಇವುಗಳಿಗಿಂತ ಗಂಭೀರವಾದದ್ದು ಶಿಸ್ತಿನ ಪ್ರಶ್ನೆ. ದೊಡ್ಡ ಲೆನ್ಸಿನ ಛಾಯಾಗ್ರಾಹಕರೊಬ್ಬರು ಬದುವಿನಿಂದ ಇಳಿದು ಹಕ್ಕಿಗಳತ್ತ ನಡೆದುಬಿಟ್ಟರು, ಮೇಯುತ್ತಿದ್ದ ಗುಂಪು ಒಟ್ಟಿಗೆ ಎದ್ದು ಆಚೆ ದಡಕ್ಕೆ ಹೋಯಿತು. ಕೆಸರು ತೆರೆದಿರುವ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹಕ್ಕಿಗೆ ಇಂತಹ ಒಂದೊಂದು ಹಾರಾಟವೂ ದುಬಾರಿ. ಮಾರ್ಗದರ್ಶಕರು ಅವರನ್ನು ವಾಪಸು ಕರೆದು, ಎಲ್ಲರೆದುರು, ಆದರೆ ದನಿ ಏರಿಸದೆ, ಕಾರಣ ತಿಳಿಸಿದರು. ಅದು ಸರಿಯೇ. ಆದರೂ ಬದುವಿನಿಂದ ಇಳಿಯಬಾರದೆಂಬ ನಿಯಮವನ್ನು ಹಕ್ಕಿಗಳು ಹಾರಿಹೋದ ಮೇಲೆ ಹೇಳುವ ಬದಲು ಬಸ್ಸಿನಲ್ಲಿ ಬರುವಾಗಲೇ ಹೇಳಬಹುದಿತ್ತು. ಸ್ವಲ್ಪ ಹೊತ್ತಿನ ನಂತರ ಪೆರೆಗ್ರಿನ್ ಚಾಣವೊಂದು ಬಂದು ಡನ್ಲಿನ್‌ಗಳನ್ನು ಮತ್ತೊಮ್ಮೆ ಎಬ್ಬಿಸಿತು. ಇಡೀ ಗುಂಪು ಒಮ್ಮೆ ಬೆಳ್ಳಗೆ, ಒಮ್ಮೆ ಕಪ್ಪಗೆ ಹೊಳೆಯುತ್ತಾ ಮಗುಚಿದ್ದನ್ನು ನೋಡಿ ಎಲ್ಲರೂ ಉಸಿರು ಬಿಗಿಹಿಡಿದರು. ಆ ಛಾಯಾಗ್ರಾಹಕರಿಗೆ ಬೇಕಾಗಿದ್ದ ಚಿತ್ರ ನಿಂತಲ್ಲಿಯೇ ಸಿಕ್ಕಿತು.

ಸಂಜೆ ಎಲ್ಲರಿಗೂ ಕಳುಹಿಸಿದ ಪಟ್ಟಿಯನ್ನು ನಾನು ಎಚ್ಚರಿಕೆಯಿಂದ ಓದಿದೆ. ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ಅಂತರ್ಜಾಲದಲ್ಲಿ ನಮೂದಿಸುವ, 2002ರಲ್ಲಿ ಆರಂಭವಾದ ಇ-ಬರ್ಡ್ ದಾಖಲೆಗೆ ಸೇರುವ ಪಟ್ಟಿಯಾದ್ದರಿಂದ ಅದು ನಂಬಿಕೆಗೆ ಅರ್ಹವಾಗಿರಬೇಕಾದದ್ದು ಮುಖ್ಯ. ಅದರ ಕೊನೆಯಲ್ಲಿ "ಗುರುತಿಸಲಾಗದ ಸಣ್ಣ ದಡದ ಹಕ್ಕಿಗಳು, ಸುಮಾರು 40" ಎಂಬ ಸಾಲಿತ್ತು. ಸಂಖ್ಯೆ ಹೆಚ್ಚಿಸಿಕೊಳ್ಳಲು ಆ ನಲವತ್ತಕ್ಕೆ ಯಾವುದಾದರೂ ಅಪರೂಪದ ಹೆಸರು ಹಚ್ಚುವುದು ಕಷ್ಟವಿರಲಿಲ್ಲ.

ಮುಂದಿನ ಸಂಚಾರ ಹುಣ್ಣಿಮೆಯ ಮರುದಿನಕ್ಕೆ ಗೊತ್ತಾಗಿದೆಯೆಂದು ತಿಳಿದು ಹೆಸರು ನೋಂದಾಯಿಸಿದ್ದೇನೆ. ಜೊತೆಗೆ, ಗುಂಪನ್ನು ಹನ್ನೆರಡು ಮಂದಿಗೆ ಮಿತಿಗೊಳಿಸಿದರೆ ಹೆಚ್ಚಿನ ಶುಲ್ಕ ಕೊಡಲು ಸಿದ್ಧನಿದ್ದೇನೆ ಎಂದು ಬರೆದೆ. ನೋಂದಣಿಯ ರಸೀದಿ ಅಂದೇ ಬಂದಿತು. ಆ ಮಾತಿಗೆ ಉತ್ತರ ಇನ್ನೂ ಬಂದಿಲ್ಲ.